ಆಷಾಢದ ರೇಟಿಗೆ ಹಡಗು

ದಾವಣಗೆರೆಯ ಸೀರೆ ಅಂಗಡಿ ಮಾಲೀಕ ಚನ್ನವೀರಪ್ಪನವರು ಟ್ರಾವೆಲ್ಸ್ ಆಫೀಸಿಗೆ ಬಂದು ಕುರ್ಚಿ ತುಂಬಾ ಕೂತರು.

"ನೋಡಮ್ಮ, ದೀಪಾವಳಿಗೆ ಮನೆಮಂದಿಯೆಲ್ಲಾ ಹಡಗಿನಲ್ಲಿ ಸಮುದ್ರ ಸುತ್ತಬೇಕು. ರೇಟು ಪೂರ್ತಿ ಇಳಿಯೋ ದಿನ ಹೇಳು, ಅವತ್ತೇ ಬುಕ್ ಮಾಡ್ತೀನಿ. ಆಮೇಲೆ ಇನ್ನೂ ಇಳಿದರೆ ವ್ಯತ್ಯಾಸ ನೀನೇ ಕೊಡಬೇಕು. ಇಲ್ಲಾಂದ್ರೆ ನಿಮ್ಮ ಓನರ್‌ಗೆ ಹೇಳಿ ಕೆಲಸ ಬಿಡಿಸ್ತೀನಿ."

ಕೌಂಟರಿನ ಹುಡುಗಿ ಕುಡಿಯಲು ನೀರು ಕೊಟ್ಟಳು. "ಯಜಮಾನ್ರೇ, ನಿಮ್ಮಲ್ಲಿ ಸೀರೆ ರೇಟು ಯಾವಾಗ ಇಳಿಯುತ್ತೆ?"

"ಆಷಾಢದಲ್ಲಿ."

"ಆಗ ಬಂದರೆ ನಮ್ಮನೆ ಹೆಂಗಸರಿಗೆಲ್ಲಾ ಒಂದೇ ಥರದ ಸೀರೆ ಸಿಗುತ್ತಾ?"

ಚನ್ನವೀರಪ್ಪ ನಕ್ಕರು. "ಆಷಾಢದಲ್ಲಿ ಇರೋದು ಊರೆಲ್ಲಾ ಆರಿಸಿ ಬಿಟ್ಟಿದ್ದು. ಒಂದೇ ಥರ ಬೇಕಂದ್ರೆ ಹೊಸ ಸ್ಟಾಕು ಬಂದ ಕೂಡಲೇ ಬರಬೇಕು."

"ಹಡಗಿನ ರೂಮೂ ಹಾಗೇ. ಅಕ್ಕಪಕ್ಕದ್ದು ಬೇಕಂದ್ರೆ ಈಗಲೇ ಹಿಡೀಬೇಕು. ಕೊನೇಲಿ ರೇಟು ಇಳಿದರೂ, ಆಷಾಢದ ಹೊಸ ಜೋಡಿ ಥರ ನೀವೊಂದು ಕಡೆ, ಅಮ್ಮಾವ್ರೊಂದು ಕಡೆ."

"ಅದಿರಲಿ. ಇಳಿದರೆ ವ್ಯತ್ಯಾಸ ಕೊಡ್ತೀಯೋ ಇಲ್ಲವೋ?"

"ಮದುವೆ ಸೀಸನ್ನಲ್ಲಿ ಸೀರೆ ಕೊಂಡವರಿಗೆ ಆಷಾಢದಲ್ಲಿ ನೀವೆಷ್ಟು ವಾಪಸ್ ಕೊಡ್ತೀರೋ, ನಾನೂ ಅಷ್ಟೇ ಕೊಡ್ತೀನಿ."

ಚನ್ನವೀರಪ್ಪ ಅಷ್ಟೂ ನೀರು ಕುಡಿದು ಲೋಟ ಕೆಳಗಿಟ್ಟರು.

"ಬುಕ್ ಮಾಡಮ್ಮ. ಆದರೆ ಸೀರೆ ಬೇಕಾದಾಗ ಮಾತ್ರ ಬೇರೆ ಅಂಗಡಿಗೆ ಹೋಗು."