ತಾತ ಕೂಗಿದ ಹೆಸರು

ಒಂದಾನೊಂದು ಕಾಲದಲ್ಲಿ, ಹಡಗುಗಳು ಭುಸುಭುಸು ಹೊಗೆ ಬಿಡ್ತಿದ್ದ ಕಾಲದಲ್ಲಿ, ಜಪಾನ್ ದೇಶದಲ್ಲಿ ಎರಡು ಚೆಂದದ ದ್ವೀಪ ಇದ್ವಂತೆ ಮಗಾ. ಒಂದ್ರಲ್ಲಿ ಹೊಗೆಯಾಡೋ ಬೆಟ್ಟ, ಅದರ ಬುಡದಲ್ಲಿ ಬಿಸಿನೀರಿನ ಬುಗ್ಗೆ. ಇನ್ನೊಂದ್ರಲ್ಲಿ ಬಂಡೆಬಂಡೆಗೂ ಒಂದೊಂದು ಪೈನ್ ಮರ, ನೀರಲ್ಲಿ ಮುಖ ನೋಡ್ಕೊಳ್ತಾ ನಿಂತಿರೋದಂತೆ. ಹೊಗೆಬೆಟ್ಟದ ದ್ವೀಪದಲ್ಲಿ ಕಿನು ಅಂತ ಹತ್ತು ವರ್ಷದ ಹುಡುಗಿ ತಾತನ ಜೊತೆ ಇದ್ಲಂತೆ. ಅವಳ ಅಕ್ಕನ್ನ ಪೈನ್ ಮರದ ದ್ವೀಪಕ್ಕೆ ಮದುವೆ ಮಾಡಿ ಕೊಟ್ಟಿದ್ರು, ಅಕ್ಕನಿಗೆ ಹೆಣ್ಣು ಮಗು ಹುಟ್ತು. ನಮ್ಮಲ್ಲಿ ತೊಟ್ಟಿಲಿಗೆ ಹಾಕಿ ಹೆಸರಿಡಲ್ವಾ, ಅವರಲ್ಲಿ ಏಳನೇ ದಿನವೇ ಇಟ್ಟುಬಿಡಬೇಕಂತೆ. ಹೆಸರು ಆರಿಸೋನು ತಾತ, ಆದ್ರೆ ಅವನಿಗೆ ಕಾಲುಳುಕಿತ್ತು. ಅದಕ್ಕೆ ಕಾಗದದಲ್ಲಿ ಹೆಸರು ಬರೆದು ಅಂಟು ಹಾಕಿ, ಮಗುಗಿಂತ ಮುಂಚೆ ಯಾರೂ ತಿಳ್ಕೋಬಾರ್ದು, ಜೋಪಾನ ಅಂತ ಕಿನು ಕೈಗೆ ಕೊಟ್ಟನಂತೆ.

ಕಿನುಗೆ ಹಿಗ್ಗೋ ಹಿಗ್ಗು. ಹಡಗನ್ನೇ ಹತ್ತಿದವಳಲ್ಲ! ಐದನೇ ದಿನ ಬಂದರಿಗೆ ಹೋದ್ಲು. ಕ್ಯಾಪ್ಟನ್ ಬಾಗಿ ನಮಸ್ಕಾರ ಮಾಡಿದ. ದೊಡ್ಡವರಿಗಿಂತ ಮೊದಲು ತಲೆ ಎತ್ತಬಾರ್ದಲ್ಲ, ಇವಳು ಇನ್ನೂ ಬಾಗಿದ್ಲು. ಅವನು ಮತ್ತೆ ಬಾಗಿದ, ಇವಳೂ ಬಾಗಿದ್ಲು. ಅವನು ಹಾಗೇ ಹಿಂದೆ ಹಿಂದೆ ಸರೀತಾ ಹಡಗು ಹತ್ತಿಬಿಟ್ಟ. ಇವಳು ತಲೆ ಎತ್ತಿ ನೋಡಿದ್ರೆ ಹಡಗು ಹೊರಟೇ ಹೋಗಿತ್ತಂತೆ. ದಿನಕ್ಕೆ ಇದ್ದಿದ್ದೇ ಒಂದು ಹಡಗು.

ಆರನೇ ದಿನ ನಮಸ್ಕಾರ ಚುಟುಕಾಗಿ ಮುಗಿಸಿ ಹತ್ತಿದ್ಲು. ಒಳಗೆ ಮನೆ ಥರ ಚಾಪೆ ಹಾಸಿತ್ತಂತೆ. ಕಾಲು ನೋಡ್ಕೊಂಡ್ರೆ ಬರಿಗಾಲು! ಮನೆಗೆ ಹೋಗೋ ಅಭ್ಯಾಸದಲ್ಲಿ ಚಪ್ಪಲೀನ ದಡದಲ್ಲೇ ಬಿಟ್ಟು ಬಂದಿದ್ಲು ಪೆದ್ದಿ. ಇಳಿದು ಚಪ್ಪಲಿ ಮೆಟ್ಟೋದ್ರೊಳಗೆ ಹಡಗು ಹೊರಡ್ತು. ಅವತ್ತು ಕಿನು ಬಂದರಲ್ಲೇ ಕೂತು ಅತ್ತಳಂತೆ.

ಆಮೇಲೆ ಏಳನೇ ದಿನ. ತಾತ ಕುಂಟ್ಕೊಂಡು ತಾನೇ ಬಂದರಿನವರೆಗೂ ಬಂದ. ಕಿನು ಚಪ್ಪಲೀನ ಎದೆಗೆ ಅವುಚ್ಕೊಂಡು, ಓಡ್ತಾನೇ ಬಾಗಿ, ಹಡಗು ಹತ್ತೇಬಿಟ್ಲು! ಭೋಂ ಅಂತ ಹಡಗು ಹೊರಡ್ತು, ಬಿಳೀ ಹಕ್ಕಿಗಳು ಹಿಂದೆ ಬಂದ್ವು, ಕಿನು ಕುಣಿದಾಡಿದ್ಲು. ಆ ಖುಷೀಲಿ ಕಂಬಿ ಹಿಡ್ಕೊಂಡು ತಾತನಿಗೆ ಬಾಗಿದ್ಲು ನೋಡು, ಸೊಂಟದ ಪಟ್ಟಿಯಿಂದ ಕಾಗದ ಜಾರಿ ಸಮುದ್ರಕ್ಕೆ ಬಿತ್ತು.

ಕಿನು ಗಾಬರಿಯಿಂದ ತಾತಾ, ಹೆಸರೇನು ಅಂತ ಕೂಗಿದ್ಲು. ತಾತ ಎರಡೂ ಕೈ ಬೀಸಿ ನಾಮೀ, ನಾಮೀ ಅಂತ ಕೂಗಿದನಂತೆ. ಅಷ್ಟರಲ್ಲಿ ನೀರು ರಪ್ಪಂತ ಹಾರಿ ಇವಳು ತೊಪ್ಪೆಯಾದ್ಲು. ಆದ್ರೇನು, ಹೆಸರು ಸಿಕ್ತಲ್ಲ! ದಾರಿಯುದ್ದಕ್ಕೂ ನಾಮಿ, ನಾಮಿ ಅಂತ ಗುಣುಗ್ತಾ ಹೋಗಿ, ಹೊತ್ತು ಮುಳುಗೋದ್ರೊಳಗೆ ಮಗು ಕಿವೀಲಿ ಹೇಳಿದ್ಲಂತೆ. ಅಕ್ಕ ಅವಳನ್ನ ಗಟ್ಟಿಯಾಗಿ ತಬ್ಬಿಕೊಂಡ್ಲಂತೆ.

ಕಾಲು ವಾಸಿಯಾದ್ಮೇಲೆ ತಾತ ಬಂದ. ಎಲ್ಲರೂ ನಾಮಿ ಅಂತ ಕರೆಯೋದು ಕೇಳಿ, ಇದೆಲ್ಲಿಂದ ಬಂತು ಈ ಹೆಸರು ಅಂತ ಬೆರಗಾದ. ಅವರ ಭಾಷೇಲಿ ನಾಮಿ ಅಂದ್ರೆ ಅಲೆ ಮಗಾ. ಅಲೆ ಬರ್ತಿದೆ, ಹಿಂದೆ ಸರಿ ಅಂತ ಅವತ್ತು ಕೂಗಿದ್ದನಂತೆ ಅವನು! ನೀನೇ ಕೂಗಿದ್ಯಲ್ಲ ತಾತ, ತಪ್ಪಾಯ್ತಾ ಅಂತ ಕಿನು ಅಳು ಮುಖ ಮಾಡಿ ನಿಂತ್ಲು. ತಾತ ಅವಳನ್ನ ನೋಡಿದ, ಮಗೂನ ನೋಡಿದ. ಸರಿಯಾಗೇ ಕೇಳಿಸ್ಕೊಂಡಿದ್ದೀಯ ಕಣಮ್ಮ, ನಾನು ಬರೆದದ್ದೂ ಅದೇ ಅಂದನಂತೆ. ಕಾಗದದಲ್ಲಿ ನಿಜವಾಗಿ ಏನಿತ್ತು ಅಂತ ಆ ಮುದುಕ ಕೊನೇವರೆಗೂ ಯಾರಿಗೂ ಹೇಳಲೇ ಇಲ್ವಂತೆ.

ಅವರು ಅಲ್ಲಿ ಸುಖವಾಗಿದ್ರು, ಕತೆ ಇಲ್ಲಿಗೆ ಮುಗೀತು, ಇನ್ನು ಕಣ್ಮುಚ್ಚು.