ಅವ್ವನ ಸೀರೆ ಯಾವ ಕೌದಿಯಲ್ಲಿ?

ನದಿ ದಂಡೆಯ ಆ ಮಠದಲ್ಲಿ ಹಳೇ ಬಟ್ಟೆಯ ಚೂರು ಜೋಡಿಸಿ ಹೊದೆಯುವ ಕೌದಿ ಹೊಲಿಯುತ್ತಿದ್ದರು. ಕೌದಿ ಕೋಣೆಯ ಹೊಸ್ತಿಲ ಮೇಲೆ ಯಾವ ಬಟ್ಟೆ ಇಟ್ಟರೂ ಹೇಳದೆ ಕೇಳದೆ ಕತ್ತರಿ. ಅದು ಅಲ್ಲಿಯ ಪದ್ಧತಿ.

ಮಠದ ಗುರು ಗುರುಪಾದಜ್ಜ. ಶಿಷ್ಯೆ ನೀಲಾಂಬಿಕೆ ಕ್ವಾಂಟಮ್ ವಿಜ್ಞಾನ ಓದಿದವಳು. ಅವಳದು ದಿನಾ ಒಂದೇ ಪ್ರಶ್ನೆ.

"ಅಜ್ಜಾರ, ಲಕ್ಷಗಟ್ಟಲೆ ಕಣ ಗದ್ದಲ ಎಬ್ಬಿಸ್ಯಾವ ಅನ್ರಿ. ಒಂದು ಕಣದ ಕಿವಿಯಾಗ ಒಂದು ಮಾತು ಹೇಳಿದೆ. ಅದು ಎಲ್ಲಾ ಕಡೆ ಹರಡತೈತಿ, ಗದ್ದಲ ಶಾಂತ ಆಗತೈತಿ. ಆಮೇಲೆ ಯಾವ ಕಣಾನ್ನ ಕೇಳಿದ್ರೂ ತನಗ ಗೊತ್ತಿಲ್ಲ ಅಂತೈತಿ. ಆದ್ರ ಮಾತು ಅಳಿದಿಲ್ಲ. ಹಂಗಾದ್ರ ಎಲ್ಲಿ ಐತ್ರಿ ಅದು?"

"ಚಾ ಕುಡಿ," ಎನ್ನುತ್ತಿದ್ದರು ಅಜ್ಜ. ಅವರ ಉತ್ತರ ಯಾವಾಗಲೂ ಇಷ್ಟೇ, ಏನು ಮಾಡೋಣ!

ತೀರಿಹೋದ ಅವ್ವನದು ಅಂತ ನೀಲಾಂಬಿಕೆಯ ಹತ್ತಿರ ಉಳಿದದ್ದು ಒಂದು ಹಸಿರು ಇಳಕಲ್ ಸೀರೆ. ಒಮ್ಮೆ ಊರಿಗೆ ಹೊರಟಾಗ, ಬಸ್ಸಿನ ಅವಸರದಲ್ಲಿ, ಅದನ್ನು ಕಟ್ಟಿದ್ದ ಗಂಟನ್ನು ಕೌದಿ ಕೋಣೆಯ ಹೊಸ್ತಿಲ ಮೇಲಿಟ್ಟು ಮರೆತಳು.

ತಿಂಗಳ ಮೇಲೆ ಬಂದು ನೋಡಿದರೆ, ಸೀರೆ ಬೆರಳಗಲದ ಚೂರುಗಳಾಗಿ, ಊರೂರಿನ ಚಿಂದಿಯ ಜೊತೆ ನಲವತ್ತು ಕೌದಿಗಳ ಒಳಗೆ ಸೇರಿಹೋಗಿತ್ತು.

ಗೋಳೋ ಎಂದು ಅತ್ತಳು. ಕತ್ತರಿ ಹಿಡಿದು ಒಂದು ಕೌದಿ ಬಿಚ್ಚಿದಳು. ಹಸಿರು ಚೂರೊಂದು ಸಿಕ್ಕಿತು.

ಅಜ್ಜ ಬಂದು ಪಕ್ಕದಲ್ಲಿ ಕೂತರು. "ಇದು ನಿಮ್ಮವ್ವಂದೇನು?"

ಮೂಸಿ ನೋಡಿದಳು. ಬೆಳಕಿಗೆ ಹಿಡಿದಳು. "ಗೊತ್ತಾಗವಲ್ದು, ಅಜ್ಜಾರ."

"ಅದನ್ನ ಕೇಳು."

"ಅದಕ್ಕೂ ಗೊತ್ತಿಲ್ರಿ," ಎಂದು ಬಿಕ್ಕಿದಳು. "ನಲವತ್ತೂ ಬಿಚ್ಚತೀನಿ. ನನಗ ನಮ್ಮವ್ವನ ಸೀರಿ ಬೇಕು!"

"ಬಿಚ್ಚು. ನಾ ಬ್ಯಾಡ ಅನ್ನಂಗಿಲ್ಲ. ಮೊದಲ ಎಲ್ಲಾನೂ ಬಿಸಿಲಿಗೆ ಹಾಕೋಣು ಬಾ."

ಇಬ್ಬರೂ ಸೇರಿ ಮರಳಿನ ಮೇಲೆ ಕೌದಿ ಹಾಸಿದರು. ಅತ್ತು ಸೋತ ನೀಲಾಂಬಿಕೆ ಅವುಗಳಲ್ಲೇ ಒಂದರ ಮೇಲೆ ಒರಗಿದಳು. ಕೆಳಗಿನಿಂದ ಮರಳಿನ ಬಿಸಿ ಏರಿತು. ನದಿಯ ಸದ್ದು ಎಲ್ಲೋ ದೂರ ಹೋಯಿತು. ಯಾರೋ ತಲೆ ನೇವರಿಸಿದ ಹಾಗಾಯಿತು, ಹಸಿರು ಸೆರಗೊಂದು ಮುಖದ ಮೇಲೆ ಹಾದ ಹಾಗಾಯಿತು. ಯಾವ ಕೌದಿಯ ಮೇಲೆ ಮಲಗಿದ್ದಳೋ ಅವಳಿಗೇ ತಿಳಿಯಲಿಲ್ಲ.

ಎಚ್ಚರವಾದಾಗ ಬಿಸಿಲು ಇಳಿದಿತ್ತು. ಮಠದಲ್ಲಿ ತಂಗಿದ್ದ ಮುದುಕರು, ಬಾಣಂತಿಯರು, ದಾರಿಹೋಕರು ಒಂದೊಂದೇ ಕೌದಿ ಹೊತ್ತು ನಡೆದಿದ್ದರು.

"ಅಯ್ಯೋ, ಒಯ್ಯಾಕತ್ತಾರ! ನಮ್ಮವ್ವ ಯಾವುದರಾಗ ಅದಾಳ, ಹೇಳ್ರಿ ಅಜ್ಜಾರ!"

ಅಜ್ಜ ಕತ್ತರಿಯನ್ನು ಎತ್ತಿ ಅವಳ ಕೈಗೇ ಕೊಟ್ಟರು.

"ನಾಳೆ ಮುಂಜಾನೆ ಇದನ್ನ ಹಿಡಕೊಂಡು ಬಾ, ಯವ್ವಾ. ರಾತ್ರಿ ಯಾರ್ಯಾರಿಗೆ ಥಂಡಿ ಹತ್ತಲಿಲ್ಲೋ, ಅವರ ಕಡೆ ಹುಡುಕೋಣು."