ಹೆಸರು ಸಿಗದ ಸಾಮಾನು

“ಬುದ್ಧಿ, ನಾನು ನಿಜವಾಗಿ ಯಾರು ಎಂದು ತಿಳಿಯದೆ ಒಂದು ಕೆಲಸಕ್ಕೆ ಕೈ ಹಾಕುವುದು ಹೇಗೆ?” ಎಂದು ಶಂಭುಲಿಂಗ ಗುರುಗಳನ್ನು ಕೇಳಿದ.

ಅವನು ಮಠಕ್ಕೆ ಬಂದ ಮೇಲೆ ಒಂದು ಮಳೆಗಾಲ ಕಳೆದಿತ್ತು. ಊರಿನಲ್ಲಿ ಅವನು ಒಬ್ಬಳಿಗೆ ಗಂಡ, ಒಂದು ಎಣ್ಣೆಗಾಣಕ್ಕೆ ಯಜಮಾನ, ಇಲ್ಲಿ ಶಿಷ್ಯ. ಈ ಮೂರರಲ್ಲಿ ತಾನು ಯಾವುದು ಎಂಬುದು ಇತ್ಯರ್ಥವಾಗದೆ, ಮೂರನ್ನೂ ಬಿಟ್ಟು ಮಠದ ಅಂಗಳದಲ್ಲಿ ಶತಪಥ ಹಾಕುತ್ತಿದ್ದ. ಬರುತ್ತೀರೋ ಇಲ್ಲವೋ, ಒಂದು ಮಾತು ಹೇಳಿ ಕಳಿಸಿ ಎಂದು ಹೆಂಡತಿ ಕೇಳಿ ಕಳಿಸಿದ್ದಳು. ಅದಕ್ಕೂ ಅವನು ಉತ್ತರ ಕೊಟ್ಟಿರಲಿಲ್ಲ.

ಗುರುಗಳು ಕೂರಲು ಹೇಳಿದರು. ಅವನು ಕೂತ. ಕೂತಲ್ಲೂ ಕಾಲು ಅಲ್ಲಾಡಿಸುತ್ತಲೇ ಇದ್ದ. ಗುರುಗಳು ಅದನ್ನು ನೋಡಿಯೂ ನೋಡದವರಂತೆ ಕತೆ ಹೇಳತೊಡಗಿದರು.

ಒಂದು ಬಂದರಿನಲ್ಲಿ ಒಬ್ಬ ಸುಂಕದ ಅಧಿಕಾರಿಯಿದ್ದ. ಹಡಗಿನಲ್ಲಿ ಬಂದ ಪ್ರತಿ ಸಾಮಾನನ್ನೂ ನೋಡಿ, ಅದು ಏನೆಂದು ಹೆಸರಿಸಿ, ಆ ಹೆಸರಿಗೆ ತಕ್ಕ ಸುಂಕ ಹಾಕುವುದು ಅವನ ಕೆಲಸ. ಲಂಚ ಮುಟ್ಟಿದವನಲ್ಲ, ಯಾರ ಮುಲಾಜಿಗೂ ಬಿದ್ದವನಲ್ಲ. ಅವನು ಬರೆದ ಹೆಸರನ್ನು ಮೇಲಿನ ಕಚೇರಿ ಒಮ್ಮೆಯೂ ತಿದ್ದಿರಲಿಲ್ಲ. ಅದೇ ಅವನ ಹೆಮ್ಮೆ. ಎಲ್ಲಿ ಒಂದು ದಿನ ತಿದ್ದಿಬಿಡುತ್ತಾರೋ ಎಂಬುದೇ ಅವನ ಭಯ.

ಒಬ್ಬ ವರ್ತಕ ಕಡಲಾಚೆಯಿಂದ ಒಂದು ಮರದ ಸಾಮಾನು ತರಿಸಿದ. ಹಲಗೆಯನ್ನು ಹಾಸಿದರೆ ಅದು ಮಂಚ. ಅದೇ ಹಲಗೆಯನ್ನು ಮೇಲೆತ್ತಿ ಕೊಕ್ಕೆ ಹಾಕಿದರೆ ಮೇಜು. ಹಲಗೆಯ ಕೆಳಗೆ ಬಟ್ಟೆಬರೆ ಇಡುವ ಪೆಟ್ಟಿಗೆ. ಊರಿನ ಒಬ್ಬ ಹೊಲಿಗೆಯವಳು ಅದನ್ನು ಹೇಳಿ ತರಿಸಿದ್ದಳು. ಅವಳದು ಒಂದೇ ಕೋಣೆಯ ಮನೆ. ಹಗಲು ಅದರ ಮೇಲೆ ಬಟ್ಟೆ ಕತ್ತರಿಸಬೇಕು, ರಾತ್ರಿ ಮಗುವಿನೊಡನೆ ಮಲಗಬೇಕು, ಗಿರಾಕಿಗಳ ಬಟ್ಟೆಯನ್ನು ಇಲಿಗೆ ಸಿಗದಂತೆ ಒಳಗಿಡಬೇಕು. ಇಲಿ ಕಡಿದ ಬಟ್ಟೆಗೆ ಉತ್ತರ ಹೇಳಿ ಹೇಳಿ ಅವಳಿಗೆ ಸಾಕಾಗಿತ್ತು. ಇನ್ನೊಮ್ಮೆ ಹಾಗಾದರೆ ಗಿರಾಕಿಗಳು ಕೈಬಿಡುವುದು ಖಂಡಿತವಿತ್ತು.

ಮಂಚಕ್ಕೆ ಒಂದು ದರ, ಮೇಜಿಗೆ ಒಂದು, ಪೆಟ್ಟಿಗೆಗೆ ಇನ್ನೊಂದು. ಒಂದು ಸಾಮಾನಿಗೆ ಒಂದೇ ಹೆಸರು ಎಂಬುದು ಸುಂಕದ ಕಟ್ಟೆಯ ಕಾನೂನು. ವರ್ತಕನೇನೂ ಚೌಕಾಸಿ ಮಾಡಲಿಲ್ಲ. ಯಾವ ದರ ಹಾಕಿದರೂ ಕಟ್ಟುತ್ತೇನೆ, ಬೇಗ ಬಿಡಿ ಎಂದ. ದರದ ಮಾತಲ್ಲ, ಹೆಸರು ಸರಿಯಿರಬೇಕು ಎಂದು ಅಧಿಕಾರಿ ಅವನನ್ನು ಸಾಗಹಾಕಿದ.

ಮೊದಲು ಅವನು ಮಂಚ ಎಂದು ಬರೆದ. ಕೊಕ್ಕೆ ಕಣ್ಣಿಗೆ ಬಿತ್ತು, ಹೊಡೆದುಹಾಕಿದ. ಮೇಜು ಎಂದು ಬರೆದ. ಮುಚ್ಚಳ ತೆರೆದು ನೋಡಿ ಅದನ್ನೂ ಹೊಡೆದುಹಾಕಿದ. ಹೆಚ್ಚು ಹೊತ್ತು ಯಾವುದಾಗಿರುತ್ತದೋ ಅದೇ ಅದರ ಹೆಸರು ಎಂದು ಆಮೇಲೆ ಹೊಳೆಯಿತು. ಆದರೆ ಬೇಸಿಗೆಯಲ್ಲಿ ಹಗಲು ದೊಡ್ಡದು, ಚಳಿಗಾಲದಲ್ಲಿ ರಾತ್ರಿ ದೊಡ್ಡದು. ಹಾಗಾದರೆ ಇದು ಬೇಸಿಗೆಯಲ್ಲಿ ಮೇಜು, ಚಳಿಗಾಲದಲ್ಲಿ ಮಂಚವೇ? ಪೆಟ್ಟಿಗೆಯಂತೂ ಹಗಲೂ ರಾತ್ರಿಯೂ ಪೆಟ್ಟಿಗೆಯೇ. ಪಾಪ, ಅವನ ತಲೆ ಕೆಟ್ಟುಹೋಯಿತು. ಹಮಾಲರನ್ನು ಕರೆದು ಅದರ ಮೇಲೆ ಕೂರಿಸಿದ, ಮಲಗಿಸಿದ, ಎಬ್ಬಿಸಿದ. ಮಲಗಿದವರಲ್ಲೊಬ್ಬ ಗೊರಕೆ ಹೊಡೆದ. ಅಧಿಕಾರಿ ಅದನ್ನೂ ಮಂಚದ ಲೆಕ್ಕಕ್ಕೆ ಹಿಡಿದ. ಮೇಲಿನ ಕಚೇರಿಯನ್ನು ಕೇಳಿದರೆ, ಹೆಸರಿಡುವುದು ನಿಮ್ಮ ಕೆಲಸ, ತಿದ್ದುವುದು ನಮ್ಮ ಕೆಲಸ ಎಂಬ ಉತ್ತರ ಬಂತು. ಅವನ ಭಯ ಇನ್ನಷ್ಟು ಹೆಚ್ಚಿತು.

ಮನೆಗೆ ಹೋದರೂ ನೆಮ್ಮದಿಯಿಲ್ಲ. ಹೆಂಡತಿ ತುರಿಮಣೆಯ ಮೇಲೆ ಕೂತು ಕಾಯಿ ತುರಿಯುತ್ತಿದ್ದರೆ, ಇದು ಮಣೆಯೋ ಆಯುಧವೋ ಎಂದು ನಿಂತಲ್ಲೇ ನೋಡುತ್ತಿದ್ದ. ಸಾರು ಆರುತ್ತಿದೆ, ಉಣ್ಣಲು ಬನ್ನಿ ಎಂದು ಅವಳು ಕರೆದರೆ ಅವನ ಕಿವಿಗೆ ಬೀಳುತ್ತಿರಲಿಲ್ಲ.

ಇತ್ತ ಹೊಲಿಗೆಯವಳು ಮಗುವನ್ನು ಎತ್ತಿಕೊಂಡು ಕಟ್ಟೆಗೆ ಬರುತ್ತಿದ್ದಳು. ನಾಳೆ ಬಾ ಎನ್ನಿಸಿಕೊಂಡು ಹೋಗುತ್ತಿದ್ದಳು. ಒಂದು ದಿನ ಮಾತ್ರ ಹೋಗದೆ ಬಾಗಿಲಲ್ಲೇ ನಿಂತಳು.

“ಸ್ವಾಮಿ, ಮದುವೆ ಹುಡುಗಿಯ ರವಿಕೆ ಬಟ್ಟೆಗೆ ಇಲಿ ಬಾಯಿ ಹಾಕಿದೆ. ನನ್ನ ಹೊಟ್ಟೆಪಾಡೇ ಹೋಗ್ತದೆ. ಏನಾದ್ರೂ ಬರ್ಕೊಂಡು ಅದನ್ನ ಬಿಟ್ಟುಬಿಡಿ,” ಎಂದಳು.

“ಏನಾದರೂ ಬರೆಯುವುದಕ್ಕೆ ನಾನಿಲ್ಲಿ ಕೂತಿಲ್ಲಮ್ಮ. ತಪ್ಪಾದರೆ ಮೇಲಿನವರಿಗೆ ಉತ್ತರ ಹೇಳಬೇಕಾದವನು ನಾನು,” ಎಂದ ಅಧಿಕಾರಿ.

ಅವಳು ಹೋದ ಮೇಲೆ ಅವನಿಗೆ ನಾಚಿಕೆಯಾಯಿತು. ಕೆಟ್ಟವನಲ್ಲ ಅವನು. ಇನ್ನು ತಡಮಾಡಬಾರದು, ಇವತ್ತೇ ಇತ್ಯರ್ಥ ಮಾಡಿಬಿಡಬೇಕು ಎಂದು ಒಬ್ಬ ಬಡಗಿಯನ್ನು ಕರೆಸಿದ. ಬಿಚ್ಚಿ ತೂಗಿ ನೋಡೋಣ, ಯಾವುದರ ಪಾಲಿನ ಮರ ಹೆಚ್ಚೋ ಅದರ ಹೆಸರು ಬರೆಯೋಣ ಎಂದ. ಬಡಗಿ ಹಿಂಜರಿದ. ಅದಕ್ಕೆ ಮೊಳೆಯೇ ಇರಲಿಲ್ಲ, ಮರದೊಳಗೆ ಮರ ಕೂರಿಸಿ ಬಿಗಿದಿದ್ದರು. ಎಲ್ಲಿಂದ ಬಿಚ್ಚಬೇಕೆಂದು ಅವನು ತಡಕಾಡುತ್ತಿರುವಾಗಲೇ ಅಧಿಕಾರಿ ತಾಳ್ಮೆಗೆಟ್ಟು ತಾನೇ ಸುತ್ತಿಗೆ ಎತ್ತಿಕೊಂಡ. ಕೀಲುಗಳು ಸೀಳಿಹೋದವು. ಸಾಮಾನು ಕಳಚಿ ನೆಲಕ್ಕೆ ಬಿತ್ತು. ಮತ್ತೆ ಜೋಡಿಸುವುದು ತನ್ನ ಕೈಲಾಗದ ಮಾತು ಎಂದು ಬಡಗಿ ಹೇಳಿಬಿಟ್ಟ.

ಅಧಿಕಾರಿ ತೂಗಲು ಹೊರಟ. ಮಂಚದ ಹಲಗೆಯೇ ಮೇಜಿನ ಹಲಗೆ, ಅದೇ ಪೆಟ್ಟಿಗೆಯ ಮುಚ್ಚಳ. ಯಾವುದನ್ನು ಯಾವುದರ ಪಾಲಿಗೆ ಹಾಕುವುದು? ಅವನು ಬೆವರು ಒರೆಸಿಕೊಂಡು ರಾಶಿಯನ್ನು ನೋಡಿದ. ನೋಡುತ್ತ ನೋಡುತ್ತ ಅವನ ಮುಖ ಅರಳಿತು. ಈಗ ಅಲ್ಲಿ ಮಂಚವಿರಲಿಲ್ಲ, ಮೇಜಿರಲಿಲ್ಲ, ಪೆಟ್ಟಿಗೆಯೂ ಇರಲಿಲ್ಲ. ಇದ್ದದ್ದು ಹಲಗೆ. ಹಲಗೆಗೂ ಒಂದು ದರವಿತ್ತು, ಹಲಗೆಯನ್ನು ಹಲಗೆಯಲ್ಲ ಎನ್ನುವವರು ಯಾರೂ ಇರಲಿಲ್ಲ. ಅವನು ಹಲಗೆ ಎಂದು ಬರೆದು ಮೊಹರು ಒತ್ತಿದ.

ಮೇಲಿನ ಕಚೇರಿ ತಿದ್ದಲಿಲ್ಲ. ವರ್ತಕ ಬಂದು ಹಲಗೆಗಳನ್ನು ಗಾಡಿಗೆ ಹೇರಿಸಿಕೊಂಡು ಹೋದ. ಅಧಿಕಾರಿ ಮನೆಗೆ ಹೋಗಿ ಬಿಸಿ ಸಾರಿನಲ್ಲಿ ಉಂಡು, ಎಷ್ಟೋ ದಿನಗಳ ಮೇಲೆ ಹಾಯಾಗಿ ನಿದ್ದೆ ಮಾಡಿದ.

ಗುರುಗಳು ಅಲ್ಲಿಗೆ ನಿಲ್ಲಿಸಿದರು. ಇನ್ನೂ ಏನೋ ಇದೆಯೆಂದು ಶಂಭುಲಿಂಗ ಕಾದ. ಆ ಅಧಿಕಾರಿಯ ಮೇಲೆ ಅವನಿಗೆ ಬಹಳ ಸಿಟ್ಟು ಬಂದಿತ್ತು.

“ಬುದ್ಧಿ, ಆ ಹೊಲಿಗೆಯವಳ ಗತಿ ಏನಾಯಿತು?” ಎಂದು ಕೇಳಿದ.

“ಅದನ್ನು ನಿನ್ನ ಹೆಂಡತಿಯನ್ನು ಕೇಳು,” ಎಂದರು ಗುರುಗಳು.